ಸುನ್ ತ್ಸು ಸಾಕು, ಮೋತ್ಸುವನ್ನು ಓದೋಣ

ಹಾಸ್ಟೆಲ್ ಗೋಡೆ, ವಾಟ್ಸಾಪ್ ಸ್ಟೇಟಸ್, ಗೆಸ್ಟ್ ಲೆಕ್ಚರ್‌ನ ಪಿಪಿಟಿ, ಎಲ್ಲಿ ನೋಡಿದ್ರೂ ಪ್ರಾಚೀನ ಚೀನಾದ ಪ್ರತಿನಿಧಿ ಒಬ್ಬನೇ: ಸುನ್ ತ್ಸು. ಶತ್ರುವನ್ನ ಗೆಲ್ಲೋದು ಹೇಗೆ ಅಂತ ಹೇಳಿಕೊಟ್ಟವನು. ಸ್ವಲ್ಪ ಹೆಚ್ಚು ಓದಿದವರಿಗೆ ಕನ್ಫ್ಯೂಷಿಯಸ್, ಲಾವೋತ್ಸೆ ಗೊತ್ತಿರ್ತಾರೆ. ಸನ್ನೆಗೋಲು, ಬೆಳಕು, ಕೋಟೆಗೋಡೆ ಇವುಗಳ ಬಗ್ಗೆ ತಲೆಕೆಡಿಸಿಕೊಂಡಿದ್ದ ಮೋತ್ಸು ಅನ್ನೋ ತತ್ವಜ್ಞಾನಿಯನ್ನ ಮಾತ್ರ ನಮಗೆ ಯಾರೂ ಪರಿಚಯ ಮಾಡಿಸಲ್ಲ. ಎಂಜಿನಿಯರಿಂಗ್ ಓದೋರು ಆ ಕಾಲದ ಚೀನಾದಿಂದ ಒಬ್ಬನನ್ನೇ ಓದಬೇಕು ಅಂದ್ರೆ ಇವನನ್ನೇ ಓದಬೇಕು ಅನ್ನೋದು ನನ್ನ ವಾದ.

ಅವನ ಹತ್ರ ಹೋಗೋ ಮುಂಚೆ ನದಿ ನೋಡಬೇಕು, ಯಾಕಂದ್ರೆ ಕಥೆ ಶುರುವಾಗೋದೇ ಅಲ್ಲಿಂದ. ಹಳದಿ ನದಿ, ಅಂದರೆ ಹ್ವಾಂಗ್ ಹೋ, ಸುಮಾರು 5,464 ಕಿ.ಮೀ. ಉದ್ದ. ನಡುದಾರಿಯಲ್ಲಿ ಅದು ಲೋಯೆಸ್ ಪ್ರಸ್ಥಭೂಮಿಯನ್ನ ಕೊರೆದುಕೊಂಡು ಬರುತ್ತೆ. ಲೋಯೆಸ್ ಅಂದ್ರೆ ಗಾಳಿ ಹೊತ್ತು ತಂದು ಸುರಿದ ನುಣ್ಣನೆಯ ಹಳದಿ ಮಣ್ಣು. ಉಳೋದು ಸುಲಭ, ಬೆಳೆ ಚೆನ್ನಾಗಿ ಬರುತ್ತೆ. ನಮ್ಮ ನವಣೆ, ಬರಗು ಇದೆಯಲ್ಲ, ಅವೇ ಆಗ ಅಲ್ಲಿನವರ ಅನ್ನ. ಆದರೆ ಆ ಮಣ್ಣು ಮಳೆಗೆ ಕರಗಿ ನದಿಗಿಳಿಯುತ್ತೆ. ಇಪ್ಪತ್ತನೇ ಶತಮಾನದ ಅಳತೆಯ ಪ್ರಕಾರ ವರ್ಷಕ್ಕೆ ಸುಮಾರು 160 ಕೋಟಿ ಟನ್ ಹೂಳು! ಬಯಲಿಗೆ ಬಂದಾಗ ನೀರಿನ ವೇಗ ಇಳಿಯುತ್ತೆ, ಹೂಳು ತಳಕ್ಕೆ ಕೂರುತ್ತೆ, ತಳ ಏರುತ್ತೆ. ಜನ ದಂಡೆ ಎತ್ತರಿಸ್ತಾರೆ, ತಳ ಮತ್ತೆ ಏರುತ್ತೆ. ಕೊನೆಗೆ ಊರು ಕೆಳಗೆ, ನದಿ ಮೇಲೆ. ದಂಡೆ ಒಡೆದ ದಿನ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಅಂಥ ನಾಡಿನ ಮೊದಲ ವೀರ ಕತ್ತಿ ಹಿಡಿದವನಲ್ಲ, ಗುದ್ದಲಿ ಹಿಡಿದವನು. ಗುನ್ ಎಂಬಾತ ಒಡ್ಡು ಕಟ್ಟಿ ಕಟ್ಟಿ ಒಂಬತ್ತು ವರ್ಷ ಸೋತನಂತೆ. ಮಗ ಯೂ ನೀರನ್ನ ತಡೆಯೋದು ಬಿಟ್ಟು ಕಾಲುವೆ ತೋಡಿ ಸಮುದ್ರಕ್ಕೆ ದಾರಿ ಮಾಡಿದ. ಹದಿಮೂರು ವರ್ಷ ದುಡಿದ, ಮೂರು ಸಲ ಸ್ವಂತ ಮನೆ ಮುಂದೆ ಹಾದುಹೋದರೂ ಒಳಗೆ ಕಾಲಿಡಲಿಲ್ಲ ಅನ್ನುತ್ತೆ ಪುರಾಣ. ಇವನೇ ಶಿಯಾ ವಂಶದ ಮೂಲಪುರುಷ. ಶಿಯಾ ನಿಜವಾಗಿ ಇತ್ತು ಅನ್ನೋಕೆ ಆ ಕಾಲದ್ದೇ ಬರಹ ಸಿಕ್ಕಿಲ್ಲ. ಬರಹದ ಸಾಕ್ಷಿ ಇರೋದು ಆಮೇಲಿನ ಶಾಂಗ್ ವಂಶಕ್ಕೆ, ಅನ್ಯಾಂಗ್‌ನಲ್ಲಿ ಸಿಕ್ಕ ಶಕುನದ ಮೂಳೆಗಳಲ್ಲಿ. ಕ್ರಿ.ಪೂ. 1046ರ ಸುಮಾರಿಗೆ ಝೋ ವಂಶದವರು ಶಾಂಗರನ್ನ ಉರುಳಿಸಿದರು. ದೊರೆ ಕೆಟ್ಟರೆ ಸ್ವರ್ಗದ ಅಪ್ಪಣೆ ಕೈಬದಲಾಗುತ್ತೆ ಅನ್ನೋದು ಅವರು ಕೊಟ್ಟ ಸಮರ್ಥನೆ. ಕ್ರಿ.ಪೂ. 771ರಲ್ಲಿ ಅವರ ರಾಜಧಾನಿಯೂ ಬಿತ್ತು. ಆಮೇಲೆ ಹೆಸರಿಗೆ ಝೋ ದೊರೆ, ಅಧಿಕಾರವೆಲ್ಲ ಹತ್ತಾರು ಸಾಮಂತರ ಕೈಲಿ.

ನನಗೆ ಮುಖ್ಯ ಅನಿಸೋದು ಇಲ್ಲಿಂದ ಮುಂದಿನದು. ಒಂದೇ ನದಿ, ಹಲವು ರಾಜ್ಯ. ನನ್ನ ದಂಡೆ ಎತ್ತರಿಸಿದರೆ ಪ್ರವಾಹ ನಿನ್ನ ಹೊಲಕ್ಕೆ. ಕ್ರಿ.ಪೂ. 651ರ ಒಂದು ಒಪ್ಪಂದದಲ್ಲೇ ಅಕ್ಕಪಕ್ಕದವರಿಗೆ ತೊಂದರೆಯಾಗೋ ಹಾಗೆ ದಂಡೆ ಕಟ್ಟಬಾರದು ಅನ್ನೋ ಷರತ್ತಿತ್ತು. ಮುಂದೆ ಬಾಯ್ ಗುಯ್ ಎಂಬ ಮಂತ್ರಿ ನೀರು ನಿಭಾಯಿಸೋದ್ರಲ್ಲಿ ತಾನು ಯೂನನ್ನೂ ಮೀರಿಸಿದೆ ಅಂತ ಕೊಚ್ಚಿಕೊಂಡಾಗ, ಕನ್ಫ್ಯೂಷಿಯಸ್ ಪಂಥದ ಮೆನ್ಸಿಯಸ್ ಅವನನ್ನ ಅಲ್ಲೇ ಹಿಡಿದ: ಯೂ ನೀರು ಬಿಟ್ಟಿದ್ದು ಸಮುದ್ರಕ್ಕೆ, ನೀನು ಬಿಟ್ಟಿದ್ದು ನೆರೆರಾಜ್ಯಕ್ಕೆ ಅಂತ. ಲೆಕ್ಕ, ಅಳತೆ ಎಲ್ಲ ಸರಿ, ಆದರೆ ನೀರು ಹೋಗಿದ್ದು ಯಾರ ಮನೆಗೆ? ನಮ್ಮ ಡಿಸೈನ್ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಅಂಕವೇ ಇಲ್ಲ.

ಇದೇ ಪ್ರಶ್ನೆಯನ್ನ ಯುದ್ಧಕ್ಕೆ ಕೇಳಿದವನು ಮೋತ್ಸು. ಕ್ರಿ.ಪೂ. ಐದನೇ ಶತಮಾನದವನು. ಅವನ ಶಿಷ್ಯರಿಗೆ ಯೂ ಆದರ್ಶ. ಒರಟು ಬಟ್ಟೆ, ಹಗಲಿರುಳು ದುಡಿಮೆ. ಆ ಗ್ರಂಥದಲ್ಲೊಂದು ಕಥೆ ಇದೆ. ಇತಿಹಾಸ ಎಷ್ಟು, ಶಿಷ್ಯರ ಹೆಮ್ಮೆ ಎಷ್ಟು ಅನ್ನೋದು ಬೇರೆ ಮಾತು. ದಕ್ಷಿಣದಲ್ಲಿ ಯಾಂಗ್ಸಿ ಕಡೆಯ ದೊಡ್ಡ ರಾಜ್ಯ ಚು, ಉತ್ತರದ ಬಯಲಿನ ಪುಟ್ಟ ರಾಜ್ಯ ಸೊಂಗ್. ಆ ಕಾಲದ ಮಹಾನ್ ಯಂತ್ರಶಿಲ್ಪಿ ಗೊಂಗ್‌ಶು ಬಾನ್, ಸೊಂಗ್ ಕೋಟೆ ಹತ್ತಲು ಚು ದೊರೆಗೆ ಭಾರಿ ಏಣಿಗಳನ್ನ ಮಾಡಿಕೊಟ್ಟಿದ್ದ. ಸುದ್ದಿ ಕೇಳಿದ ಮೋತ್ಸು ಹತ್ತು ಹಗಲು ಹತ್ತು ರಾತ್ರಿ ನಡೆದು ಅಲ್ಲಿಗೆ ಹೋದ. ಹೋದವನೇ ಗೊಂಗ್‌ಶುಗೆ, ಒಬ್ಬ ನನಗೆ ಅವಮಾನ ಮಾಡಿದಾನೆ, ಚಿನ್ನ ಕೊಡ್ತೀನಿ, ಅವನನ್ನ ಕೊಂದುಬಿಡು ಅಂದ. ಕೊಲ್ಲೋದು ನನ್ನ ಧರ್ಮ ಅಲ್ಲ ಅಂತ ಗೊಂಗ್‌ಶು ಸಿಟ್ಟಾದ. ಒಬ್ಬನನ್ನ ಕೊಲ್ಲಲ್ಲ, ಊರಿಗೆ ಊರನ್ನೇ ಕೊಲ್ಲೋ ಏಣಿ ಮಾಡ್ತೀಯ, ಇದ್ಯಾವ ಧರ್ಮ ಅಂತ ಮೋತ್ಸು ತಿರುಗಿ ಕೇಳಿದ. ಗೊಂಗ್‌ಶು ಸೋಲೊಪ್ಪಿದ, ಆದರೆ ದೊರೆಗೆ ಆಗಲೇ ಮಾತು ಕೊಟ್ಟಿದೀನಿ ಅಂದ. ಆಫರ್ ಲೆಟರ್‌ಗೆ ಸಹಿ ಬಿದ್ದಾಗಿದೆ ಅಂತೀವಲ್ಲ, ಹಾಗೆ.

ಆಮೇಲೆ ದೊರೆಯ ಮುಂದೆ ಮೋತ್ಸು ಸೊಂಟದ ಪಟ್ಟಿ ಬಿಚ್ಚಿ ಹಾಸಿದ. ಅದೇ ಕೋಟೆ, ಮರದ ಚೂರುಗಳೇ ಯಂತ್ರ. ಗೊಂಗ್‌ಶು ಒಂಬತ್ತು ಬಗೆಯ ದಾಳಿ ಮಾಡಿದ, ಒಂಬತ್ತನ್ನೂ ಮೋತ್ಸು ತಡೆದ. ದಾಳಿಯ ಉಪಾಯ ಮುಗೀತು, ರಕ್ಷಣೆಯದು ಇನ್ನೂ ಉಳಿದಿತ್ತು. ಇವನನ್ನೇ ಕೊಂದರಾಯ್ತು ಅಂತ ಗೊಂಗ್‌ಶು ಮನಸ್ಸಿನಲ್ಲಿ ಲೆಕ್ಕ ಹಾಕಿದ. ಅದನ್ನೂ ಮೋತ್ಸು ಊಹಿಸಿದ್ದ: ಮುನ್ನೂರು ಶಿಷ್ಯರು ತನ್ನ ಸಲಕರಣೆಗಳ ಜೊತೆ ಆಗಲೇ ಸೊಂಗ್ ಗೋಡೆ ಮೇಲೆ ನಿಂತಿದ್ದರು. ಯುದ್ಧ ನಿಂತುಹೋಯ್ತು. ವಾಪಸ್ ಬರುವಾಗ ಸೊಂಗ್‌ನಲ್ಲೇ ಮಳೆ ಹಿಡೀತು, ಊರುಬಾಗಿಲ ಕಾವಲುಗಾರ ಅವನನ್ನ ಒಳಗೆ ಬಿಡಲಿಲ್ಲ.

ಬರೀ ಉಪದೇಶ ಮಾಡಿದ್ದರೆ ದೊರೆ ನಕ್ಕು ಕಳಿಸ್ತಿದ್ದ. ಮೋತ್ಸುವಿನ ನೀತಿಗೆ ಬೆಲೆ ಬಂದಿದ್ದು ಅವನಿಗೆ ಕೆಲಸ ಗೊತ್ತಿದ್ದರಿಂದ. ಅವನ ಪಂಥದ ಗ್ರಂಥದಲ್ಲಿ ಕೋಟೆ ಕೆಳಗೆ ಶತ್ರು ಸುರಂಗ ತೋಡ್ತಿದ್ರೆ ಪತ್ತೆ ಹಚ್ಚೋ ವಿಧಾನ ಇದೆ: ಬಾವಿ ತೋಡಿ, ಬಾಯಿಗೆ ತೆಳು ಚರ್ಮ ಬಿಗಿದ ಗಡಿಗೆ ಇಟ್ಟು, ಕಿವಿ ಚುರುಕಾದವನನ್ನ ಕೂರಿಸೋದು. ಆಮೇಲೆ ಎದುರು ಸುರಂಗ ತೋಡಿ ತಿದಿಯಿಂದ ಹೊಗೆ ಊದೋದು. ಸಣ್ಣ ರಂಧ್ರದ ಮೂಲಕ ಬೆಳಕು ಹಾದಾಗ ಬಿಂಬ ತಲೆಕೆಳಗಾಗೋದು ಯಾಕೆ ಅನ್ನೋ ವಿವರಣೆಯೂ ಅಲ್ಲಿದೆ. 2016ರಲ್ಲಿ ಚೀನಾ ಹಾರಿಸಿದ ಕ್ವಾಂಟಂ ಉಪಗ್ರಹಕ್ಕೆ ಅವನ ಹೆಸರಿಟ್ಟಿದ್ದು ಈ ಕಾರಣಕ್ಕೇ.

ಅವನಲ್ಲಿ ಎಲ್ಲವೂ ಒಪ್ಪೋ ಹಾಗಿಲ್ಲ. ಸಂಗೀತ ದಂಡದ ಖರ್ಚು ಅಂತಿದ್ದ. ಅವನ ಕೈಗೆ ಕೊಟ್ಟಿದ್ರೆ ನಮ್ಮ ಫೆಸ್ಟ್ ಬಜೆಟ್ ಸೊನ್ನೆ. ಎಲ್ಲರನ್ನೂ ಸಮನಾಗಿ ಕಾಣು ಅಂದಿದ್ದಕ್ಕೆ ಮೆನ್ಸಿಯಸ್, ಹಾಗಾದ್ರೆ ಹೆತ್ತ ತಂದೆಗೆ ಏನು ಉಳೀತು ಅಂತ ಸಿಡಿದ. ಅದರಲ್ಲೂ ಸ್ವಲ್ಪ ಸತ್ಯ ಇದೆ. ಕ್ರಿ.ಪೂ. 221ರಲ್ಲಿ ಚಿನ್ ರಾಜ್ಯ ಎಲ್ಲರನ್ನೂ ಗೆದ್ದು ಲಿಪಿ, ತೂಕ, ಗಾಡಿಯ ಅಚ್ಚಿನ ಉದ್ದವನ್ನೂ ಒಂದೇ ಮಾಡಿತು. ಕಾಯೋಕೆ ಪುಟ್ಟ ರಾಜ್ಯಗಳೇ ಉಳಿಯದ ಮೇಲೆ ಮೋತ್ಸುವಿನ ಪಂಥವೂ ಮರೆಗೆ ಸರೀತು. ಹಾನ್ ವಂಶದ ಕಾಲಕ್ಕೆ ಅರಮನೆಯಲ್ಲಿ ಕನ್ಫ್ಯೂಷಿಯಸ್‌ನದ್ದೇ ಮಾತು.

ನಮಗೆ ಯೂನಿವರ್ಸಲ್ ಹ್ಯೂಮನ್ ವ್ಯಾಲ್ಯೂಸ್ ಅಂತ ಒಂದು ಪೇಪರ್ ಇದೆಯಲ್ಲ. ಅದರಲ್ಲಿ ಒಂದು ಪಿರಿಯಡ್ ಸ್ಲೈಡ್ ಬಿಟ್ಟು, ಮೇಜಿನ ಮೇಲೆ ಒಂದು ಬೆಲ್ಟ್ ಇಡಿ. ಅರ್ಧ ಕ್ಲಾಸ್ ಗೊಂಗ್‌ಶು, ಅರ್ಧ ಕ್ಲಾಸ್ ಮೋತ್ಸು. ನನ್ನ ಕೇಳಿದ್ರೆ ಗೊಂಗ್‌ಶು ಕಡೆಯವರ ಕೆಲಸಾನೇ ಕಷ್ಟ, ಅದಕ್ಕೆ ಚೆನ್ನಾಗಿ ವಾದ ಮಾಡೋರನ್ನ ಆ ಕಡೆ ಹಾಕಿ.