ಅಗೆಯುವ ಮೊದಲೇ ಓದಿ

ಹೊಸದಾಗಿ ಡಾಂಬರು ಹಾಕಿದ ರಸ್ತೆಯನ್ನು ಮರುವಾರವೇ ನೀರಿನ ಕೊಳವೆಗೆಂದು ಅಗೆಯುವುದು ನಮ್ಮ ಊರುಗಳಲ್ಲಿ ಮಾಮೂಲು. ಅಮೆರಿಕದ ಅನೇಕ ನಗರಗಳು ಮುಂದಿನ ಐದಾರು ವರ್ಷಗಳ ಬಂಡವಾಳ ಕಾಮಗಾರಿಗಳ ಯೋಜನೆಯನ್ನು ಮೊದಲೇ ಪ್ರಕಟಿಸುತ್ತವೆ. ಯಾವ ಒಳಚರಂಡಿ, ಯಾವ ಸೇತುವೆ, ಯಾವ ವರ್ಷ, ಎಷ್ಟು ಹಣ, ಅದರ ಮೂಲ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ನ್ಯೂಯಾರ್ಕ್ ನಗರವಂತೂ ಎರಡು ವರ್ಷಕ್ಕೊಮ್ಮೆ 10 ವರ್ಷಗಳ ಮುನ್ನೋಟವನ್ನೇ ಹೊರತರುತ್ತದೆ.

ಜಾಣ ವ್ಯಾಪಾರಿ ಇದನ್ನು ಪಂಚಾಂಗದಂತೆ ಓದುತ್ತಾನೆ. ಕೊಳವೆ ಬದಲಿಸುವ ಕಡೆ ಅಗೆಯುವ ಯಂತ್ರ ಬಾಡಿಗೆಗೆ ಬೇಕು. ಗ್ರಂಥಾಲಯ ಕಟ್ಟುವ ಕಡೆ ಕಪಾಟು, ವೈರಿಂಗ್, ಬಣ್ಣ ಬೇಕು. ದೊಡ್ಡ ಗುತ್ತಿಗೆ ಸಿಗದವನಿಗೂ ಉಪಗುತ್ತಿಗೆ ಸಿಕ್ಕೀತು.

ಆದರೆ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ಮೊದಲ ವರ್ಷದ ಕೆಲಸಗಳಿಗಷ್ಟೇ ಹಣ ಮಂಜೂರಾಗಿರುತ್ತದೆ. ಉಳಿದದ್ದು ಬರೀ ಇರಾದೆ. ಅದನ್ನು ನಂಬಿ ಸಾಲ ಮಾಡಿ ಯಂತ್ರ ಕೊಂಡವನು ಕೈಸುಟ್ಟುಕೊಂಡಾನು. ತನ್ನ ಅಂಗಡಿಯ ಮುಂದಿನ ರಸ್ತೆಯೇ ಪಟ್ಟಿಯಲ್ಲಿದ್ದರೆ? ಆ ತಿಂಗಳುಗಳಲ್ಲಿ ಗಿರಾಕಿಗಳು ಕಡಿಮೆ. ಸರಕನ್ನೂ ಅಳೆದು ತರಿಸಬೇಕು.

ನಮ್ಮ ನಗರಸಭೆಗಳ ಬಜೆಟ್ಟಿನಲ್ಲೂ ಬಂಡವಾಳ ವೆಚ್ಚದ ಪುಟಗಳಿವೆ. ಅವು ಗುತ್ತಿಗೆದಾರರಿಗಷ್ಟೇ ಮೀಸಲಲ್ಲ. ಬೀದಿ ಮೂಲೆಯ ಕಿರಾಣಿ ಅಂಗಡಿಯವರೂ ಕೇಳಿ ಪಡೆದು ಓದಲಿ.