ಮಕ್ಕಳ ನಾಲಿಗೆ, ನಮ್ಮ ಸಂಬಳ



ಊರಿನಿಂದ ಸುದ್ದಿ ಬರುತ್ತದೆ: ಮಗುವಿನ ನಾಲಿಗೆ ಕಟ್ಟಿದೆ, ಕುಯ್ಯಿಸಬೇಕು, ಹಣ ಕಳಿಸಿ. ಮುಂಬಯಿಯಲ್ಲಿ ಬೆಳಗಿನ ಐದಕ್ಕೆ ಒಲೆ ಹಚ್ಚುವ ನಮಗೆ ವಿಚಾರಿಸಲು ಪುರಸತ್ತೆಲ್ಲಿ? ಮಾಲೀಕರಲ್ಲಿ ಮುಂಗಡ ಎತ್ತಿ ಕಳಿಸಿಬಿಡುತ್ತೇವೆ. ಕಳಿಸುವ ಮೊದಲು ಒಂದು ಮಾತು ಕೇಳಿರಿ.

ಮಕ್ಕಳ ನಾಲಿಗೆಯಲ್ಲಿ ಏನಾದರೊಂದು ವ್ಯತ್ಯಾಸ ಕಾಣುವುದು ಅಪರೂಪವೇನಲ್ಲ. ನಾಲಿಗೆಯ ಅಡಿಯ ಪೊರೆ ಗಿಡ್ಡವಾಗಿ ನಾಲಿಗೆ ಸರಿಯಾಗಿ ಮೇಲೇಳದಿರುವುದು ಹುಟ್ಟುವ ನೂರು ಶಿಶುಗಳಲ್ಲಿ 4ರಿಂದ 10ರ ತನಕ ಉಂಟೆಂದು ವೈದ್ಯರ ಲೆಕ್ಕ. ಅವುಗಳಲ್ಲಿ ಬಹಳಷ್ಟು ಚೆನ್ನಾಗಿಯೇ ಹಾಲು ಕುಡಿಯುತ್ತವೆ. ಅವಕ್ಕೆ ಕತ್ತರಿ ಬೇಡ. ಮೊಲೆ ಹಿಡಿಯಲಾರದೆ ಮಗುವಿನ ತೂಕ ಏರದಿದ್ದರೆ, ತಾಯಿಗೆ ಮೊಲೆ ಒಡೆದು ನೋವಾಗುತ್ತಿದ್ದರೆ ಸರಕಾರಿ ಆಸ್ಪತ್ರೆಗೆ ತೋರಿಸಬೇಕು. ಕುಯ್ಯಲೇಬೇಕಾದರೂ ಶಿಶುವಿಗೆ ಅದು ಕೆಲವೇ ನಿಮಿಷದ ಕೆಲಸ. ಇನ್ನು ಕೆಲವು ಮಕ್ಕಳ ನಾಲಿಗೆಯ ಮೇಲೆ ಭೂಪಟದಂತೆ ಕೆಂಪು ಮಚ್ಚೆ, ಸುತ್ತ ಬಿಳಿ ಅಂಚು. ಇಂದು ಇಲ್ಲಿ, ನಾಳೆ ಅಲ್ಲಿ. ನೂರರಲ್ಲಿ ಒಬ್ಬಿಬ್ಬರಿಗೆ ಇದು ಇರುತ್ತದೆ. ಅಂಟುರೋಗವಲ್ಲ, ಔಷಧಿಯೂ ಬೇಕಿಲ್ಲ.

ಮಾತು ತಡವಾದರೆ ನಾಲಿಗೆಯನ್ನು ದೂರುವುದು ನಮ್ಮವರ ಹಳೆಯ ಚಾಳಿ. ನಾಲಿಗೆ ಕಟ್ಟಿದ್ದರೆ ಕೆಲವು ಅಕ್ಷರ ತೊದಲಬಹುದು, ಅಷ್ಟೆ. ಮಗು ಮಾತೇ ಆಡದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಜೆ ತೇದು ಜೇನಿನಲ್ಲಿ ನೆಕ್ಕಿಸುವುದಂತೂ ಬೇಡವೇ ಬೇಡ. ವರ್ಷ ತುಂಬದ ಕೂಸಿಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ರೋಗಾಣು ಕರುಳಿನಲ್ಲಿ ವಿಷವಾಗಿ ಕೈಕಾಲು ಸೋಲಿಸೀತು. ಅಜ್ಜಿಯಂದಿರು ಸಿಟ್ಟಾದರೆ ಆಗಲಿ.

ನಮಗೆ ಚಿಂತೆ ಬೇರೊಂದು ನಾಲಿಗೆಯದು. ಬಿಳಚಿಕೊಂಡು ನುಣ್ಣಗಾದ ನಾಲಿಗೆ ರಕ್ತಹೀನತೆಯ ಗುರುತಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತ ಕಡಿಮೆ! ದಿನವಿಡೀ ಊರಿಗೆ ಬಡಿಸುವವರ ಮಕ್ಕಳ ತಟ್ಟೆಯಲ್ಲಿ ಏನಿದೆ? ಕುಯ್ಯಿಸಲು ಮುಂಗಡ ಕೊಡುವ ಮಾಲೀಕರು ಕಾಳು, ಸೊಪ್ಪು, ಮೊಟ್ಟೆ ಕೊಳ್ಳುವಷ್ಟು ಸಂಬಳ ಏಕೆ ಕೊಡುವುದಿಲ್ಲ? ಮಗುವನ್ನು ಆಸ್ಪತ್ರೆಗೆ ಒಯ್ದ ದಿನದ ಸಂಬಳ ಕಡಿಯುವುದು ಯಾವ ನ್ಯಾಯ? ಇದನ್ನು ನಾವು ಬೇಡಿಕೆಪಟ್ಟಿಯಲ್ಲಿ ಸೇರಿಸಲೇಬೇಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೂ ಸರಕಾರಿ ಶಾಲೆಗೂ ವೈದ್ಯರು ಬಂದು ಮಕ್ಕಳನ್ನು ಪುಕ್ಕಟೆ ನೋಡುತ್ತಾರೆ; ಆ ದಿನ ಮಗುವನ್ನು ತಪ್ಪದೆ ಕಳಿಸಲು ಮನೆಗೆ ಹೇಳಿ. ಇ.ಎಸ್.ಐ. ಇದ್ದವರ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯ ಹಕ್ಕುಂಟು, ಆದರೆ ಅವರ ಹೆಸರು ದಾಖಲಾಗಿರಬೇಕು. ಆಗದವರು ರಜೆಯ ದಿನ ಕಾಗದಪತ್ರ ಹಿಡಿದು ಸಂಘದ ಕಚೇರಿಗೆ ಬನ್ನಿ, ಕೂತು ಬರೆದುಕೊಡುತ್ತೇವೆ.