ಭೀಮೆಯನ್ನು ದಾಟಿ ಬಂದವರ ಲೆಕ್ಕ

1948ನೆಯ ಇಸವಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ಅಂಚಿನಲ್ಲಿ ನಿಂತವನ ಒಂದು ಮಗ್ಗುಲಿಗೆ ಮುಂಬಯಿ ಪ್ರಾಂತವೂ ಇನ್ನೊಂದು ಮಗ್ಗುಲಿಗೆ ನಿಜಾಮನ ಹೈದರಾಬಾದ ಸಂಸ್ಥಾನವೂ ಇದ್ದವು. ಅಫಜಲಪುರ, ಜೇವರ್ಗಿ, ಸುರಪುರಗಳ ಆ ಸೀಮೆಯನ್ನು ಈಚಿನವರು ಮೊಗಲಾಯಿ ಎನ್ನುತ್ತಿದ್ದರು. ಮಾತು ಒಂದೇ, ಉಣ್ಣುವ ಜೋಳ ಒಂದೇ, ಬೀಗತನವಂತೂ ತಲೆಮಾರುಗಳಿಂದ ಹೆಣೆದುಕೊಂಡದ್ದು. ಆದರೂ ಆಳುವ ಸತ್ತೆ ಬೇರೆಯಾದುದರಿಂದ, ಭೀಮೆಯನ್ನು ದಾಟಿ ತವರಿಗೆ ಬಂದ ಹೆಣ್ಣುಮಗಳು ಆ ವರ್ಷ ನಿರಾಶ್ರಿತಳೆನಿಸಿದಳು.

1947ರ ನವೆಂಬರ್ 29ರಂದು ಭಾರತಕ್ಕೂ ನಿಜಾಮನಿಗೂ ಆದ ಯಥಾಸ್ಥಿತಿ ಒಪ್ಪಂದವು ಕಾಗದದ ಮೇಲೆಯೇ ಉಳಿದು, ಖಾಸಿಂ ರಜ್ವಿಯ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹಳ್ಳಿಹಳ್ಳಿಗೆ ಹಬ್ಬಿದ ಕಾಲದಲ್ಲಿ, ಗಡಿಯುದ್ದಕ್ಕೂ ಹುಟ್ಟಿದ ಹೋರಾಟದ ಶಿಬಿರಗಳ ವೃತ್ತಾಂತವನ್ನು ನಮ್ಮ ಇತಿಹಾಸಕಾರರು ಶ್ರದ್ಧೆಯಿಂದ ಬರೆದಿರುವರು. ಮುಂಡರಗಿಯ ಶಿಬಿರವೂ ಅಳವಂಡಿ ಶಿವಮೂರ್ತಿಸ್ವಾಮಿಗಳ ಸಾಹಸವೂ ಅದರಲ್ಲಿವೆ. 1903ರಲ್ಲಿ ಸಿಂದಗಿಯಲ್ಲಿ ಜನಿಸಿ ಆ ಸಮಸ್ತ ಚಳವಳಿಗೆ ನಾಯಕರಾದ ಸ್ವಾಮಿ ರಮಾನಂದ ತೀರ್ಥರ ತ್ಯಾಗವೂ ಅದರಲ್ಲಿದೆ. ಆದರೆ ಬಂದೂಕು ಹಿಡಿಯದೆ, ಮಗುವನ್ನೂ ಮುದುಕರನ್ನೂ ಬಂಡಿಯಲ್ಲಿ ಕೂರಿಸಿಕೊಂಡು, ನಿಂತ ಬೆಳೆಯನ್ನು ಹೊಲದಲ್ಲಿಯೇ ಬಿಟ್ಟು ಈಚೆಗೆ ಬಂದವರು ಆ ಗ್ರಂಥಗಳಲ್ಲಿ ಒಂದೆರಡು ವಾಕ್ಯಗಳಿಗೆ ಮುಗಿದುಹೋಗುತ್ತಾರೆ. ಇದು ಹೊಸ ರೂಢಿಯೂ ಅಲ್ಲ. ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳು 1565ರ ಯುದ್ಧದ ದೆಸೆಯಿಂದ ಪಠ್ಯಪುಸ್ತಕವನ್ನು ಸೇರಿದವು. ಆ ಯುದ್ಧದಿಂದ ಓಡಿದ ಒಕ್ಕಲಿನ ಹೆಸರನ್ನು ಯಾರು ಬಲ್ಲರು?

ಓಡಿಬರುವುದಕ್ಕೂ ಅನುಕೂಲ ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಬಂಡಿ, ಎತ್ತು, ಕೆಲವು ತಿಂಗಳಿಗಾಗುವಷ್ಟು ಕಾಳು, ಇವೆಲ್ಲಕ್ಕಿಂತ ಮಿಗಿಲಾಗಿ ಈ ದಡದಲ್ಲಿ ಬಾಗಿಲು ತೆರೆಯುವ ಒಂದು ಬಳಗ, ಇಷ್ಟಿದ್ದವನಿಗೆ ವಲಸೆ ಕಷ್ಟವಾದರೂ ಸಾಧ್ಯ. ಗಡಿಗೆ ತಗಲದ ಬಸವನ ಬಾಗೇವಾಡಿಯವರೆಗೂ ಅವನು ಹೋಗಬಲ್ಲನು. ಕೂಲಿಯವನಿಗೆ, ಊರ ಹೊರಗಿನ ಕೇರಿಯವನಿಗೆ, ಆ ಬಳಗವೆಲ್ಲಿ? ಮಠದ ಪಡಸಾಲೆಯೋ ಗುಡಿಯ ಕಟ್ಟೆಯೋ ಅವನಿಗೆ ಎಷ್ಟು ದಿನ ನೆರಳಾದೀತು, ಆ ಗುಡಿಯ ಬಾಗಿಲೇ ಅವನಿಗೆ ಮುಚ್ಚಿದ್ದ ಕಾಲದಲ್ಲಿ? ಆದುದರಿಂದ ನಿರಾಶ್ರಿತರ ಸಂಖ್ಯೆಯನ್ನು ಕೇಳುವಾಗ ಜಾತಿ, ವಯಸ್ಸು, ಹೆಣ್ಣುಗಂಡುಗಳ ಪ್ರಮಾಣ, ಹಿಂದೆ ಉಳಿದವರ ಸ್ಥಿತಿ ಇವನ್ನು ಕೇಳದಿದ್ದರೆ ಆ ಲೆಕ್ಕ ಅರ್ಧದ್ದೆಂದೇ ನಾನು ತಿಳಿಯುವೆನು.

ಆ ಲೆಕ್ಕಕ್ಕೆ ಇನ್ನೊಂದು ಅರ್ಧವೂ ಉಂಟು. ಅದನ್ನು ಹೇಳುವಾಗ ನಮ್ಮ ಧ್ವನಿ ತಗ್ಗುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕು, 17ರಂದು ನಿಜಾಮನು ಸೋಲೊಪ್ಪಿ, ಈ ಕಡೆಗೆ ಬಂದವರು ಊರಿಗೆ ಮರಳುವ ಹೊತ್ತಿಗೆ, ರಜಾಕಾರರ ಪಾಪವನ್ನು ಕಂಡೂ ಕೇಳಿಯೂ ಅರಿಯದ ಮುಸ್ಲಿಂ ಕುಟುಂಬಗಳು ಅದೇ ಹಳ್ಳಿಗಳಿಂದ ಓಡಬೇಕಾಯಿತು. ಕೇಂದ್ರ ಸರಕಾರವು ಕಳುಹಿದ ಪಂಡಿತ ಸುಂದರಲಾಲರ ಸಮಿತಿಯು ಆ ವರ್ಷದ ಕೊನೆಯಲ್ಲಿ ಸಂಚರಿಸಿ, ಸಂಸ್ಥಾನದಲ್ಲಿ ಹತರಾದವರನ್ನು 27,000ದಿಂದ 40,000 ಎಂದು ಅಂದಾಜು ಮಾಡಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಒಂದೆಂದು ಬರೆಯಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಒಂದೇ ಗಡಿಯ ಎರಡು ದುಃಖಗಳಲ್ಲಿ ಒಂದನ್ನು ಮಾತ್ರ ಸ್ಮರಿಸುವವನು ಸ್ಮರಣೆಯ ಹೆಸರಿನಲ್ಲಿ ಪಕ್ಷಪಾತವನ್ನೇ ಆಚರಿಸುತ್ತಾನೆ.

1951ರ ಜನಗಣತಿಯು ಪಾಕಿಸ್ತಾನದಿಂದ ಬಂದ ನಿರ್ವಾಸಿತರನ್ನು ಪ್ರತ್ಯೇಕವಾಗಿ ಎಣಿಸಿತು. ಭೀಮೆಯನ್ನು ದಾಟಿ ಬಂದವರಿಗೂ ಹೋದವರಿಗೂ ಅದರಲ್ಲಿ ಅಂಕಣವಿರಲಿಲ್ಲ. ಮುಂದೆ ಆಲಮಟ್ಟಿಯ ಜಲಾಶಯದಲ್ಲಿ ಮನೆ ಕಳೆದುಕೊಂಡವರಿಗೆ, ಪರಿಹಾರ ಸಾಕಾಯಿತೋ ಇಲ್ಲವೋ, ಪಟ್ಟಿಯಲ್ಲಿ ಹೆಸರಾದರೂ ಉಳಿಯಿತು. 2024ರ ಅಂತ್ಯಕ್ಕೆ ಜಗತ್ತಿನಲ್ಲಿ ಯುದ್ಧ, ಹಿಂಸೆಗಳಿಂದ ನೆಲೆ ತಪ್ಪಿದವರು ಸುಮಾರು 12.3 ಕೋಟಿ ಎಂದೂ ಅವರಲ್ಲಿ ನೂರಕ್ಕೆ ನಾಲ್ವತ್ತರಷ್ಟು ಮಕ್ಕಳೆಂದೂ ವಿಶ್ವಸಂಸ್ಥೆ ಹೇಳುತ್ತದೆ. ಸುಡಾನಿನ ಶಿಬಿರದ ಕೂಸಿಗೆ ದೊರೆತ ಆ ಎಣಿಕೆಯ ಗೌರವ ಸಿಂದಗಿಯ ಪಡಸಾಲೆಯ ಕೂಸಿಗೆ ದೊರೆಯಲಿಲ್ಲ.

ಅಂದು ಹತ್ತು ವರ್ಷದವರಾಗಿದ್ದವರು ಇಂದು ತೊಂಬತ್ತರ ಸಮೀಪದಲ್ಲಿದ್ದಾರೆ. ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯವೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಕಾಲೇಜುಗಳೂ ಕಲಬುರಗಿಯ ವಿಶ್ವವಿದ್ಯಾನಿಲಯದೊಡನೆ ಕೂಡಿ, ನದಿಯ ಎರಡೂ ದಡಗಳಲ್ಲಿ, ಹಿಂದೂ ಮುಸ್ಲಿಂ ಎಂಬ ಭೇದವಿಲ್ಲದೆ, ಮುಖ್ಯವಾಗಿ ಹೆಣ್ಣುಮಕ್ಕಳ ಬಾಯಿಂದ, ಆ ವರ್ಷದ ವೃತ್ತಾಂತವನ್ನು ಬರೆದುಕೊಳ್ಳತಕ್ಕದ್ದು. ಈ ಕೆಲಸ ಈ ವರ್ಷವೇ ಆರಂಭವಾಗಲಿ. ಮನೆಯಲ್ಲಿ ಅಂಥ ಹಿರಿಯರಿರುವ ಓದುಗರು ವಿಶ್ವವಿದ್ಯಾನಿಲಯದ ದಾರಿ ಕಾಯದೆ ಇಂದೇ ಕೇಳಿ ಬರೆದಿಡಲಿ.